ಮೇಸಿಯ ಹಲ್ಲು, ನನ್ನ ಸಹಿ

ಹೊರಡುವ ಮೊದಲು: ಆನಂದಪುರ

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ವಿಮಾನದಿಂದ ಶುರು ಮಾಡುತ್ತಾರೆ. ನಾನು ಆನಂದಪುರದಿಂದ ಶುರು ಮಾಡಬೇಕು. ಅಲ್ಲಿ ನಮ್ಮ ಬಸ್ಸಿನಿಂದ ಒಬ್ಬ ಹುಡುಗ ಇಳಿಯದೇ ಇದ್ದಿದ್ದರೆ ನನ್ನನ್ನು ಯಾರೂ ಇಂಗ್ಲೆಂಡಿಗೆ ಕಳಿಸುತ್ತಿರಲಿಲ್ಲ.

ನಾನು ರಿಪ್ಪನ್‌ಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಇಪ್ಪತ್ತೆರಡು ವರ್ಷದಿಂದ ವರ್ಷಕ್ಕೊಮ್ಮೆ ಮಕ್ಕಳನ್ನು ಸಾಗರಕ್ಕೆ ಕರೆದುಕೊಂಡು ಹೋಗಿ ನಾಟಕ ತೋರಿಸುತ್ತಿದ್ದೆ. ಹೋದ ವರ್ಷ ಅರವತ್ತೊಂದು ಮಕ್ಕಳನ್ನು ಬಸ್ಸು ಹತ್ತಿಸಿದೆ. ನಾಟಕ ಮುಗಿದ ಮೇಲೆ ಮತ್ತೆ ಎಣಿಸಿದೆ, ಅರವತ್ತೊಂದೇ ಇತ್ತು. ನನ್ನ ಶಿಸ್ತಿಗೆ ನಾನೇ ಮೆಚ್ಚಿಕೊಂಡು ಸೀಟಿಗೆ ಒರಗಿದೆ. ಆನಂದಪುರ ಬಂದಾಗ ಹಿಂದಿನ ಸೀಟಿನಿಂದ ಒಬ್ಬ ಎದ್ದು ಬಂದ.

"ಟೀಚರ್, ನಾ ಇಲ್ಲೇ ಇಳ್ಕೋತೀನಿ."

"ನೀನ್ಯಾರೋ?"

"ನಾನು ಇದೇ ಊರು ಟೀಚರ್. ನಾಟ್ಕ ನೋಡಕೆ ಹೋಗಿದ್ದೆ. ಈ ಬಸ್ಸು ಈ ಕಡೆನೇ ಹೋಗ್ತದೆ ಅಂದ್ರು, ಹತ್ಕೊಂಡೆ."

ಹಾಗಾದರೆ ನನ್ನ ಅರವತ್ತೊಂದನೆಯ ಮಗು ಎಲ್ಲಿ? ಬಸ್ಸು ತಿರುಗಿಸಿಕೊಂಡು ಸಾಗರಕ್ಕೆ ಓಡಿದೆವು. ಒಂಬತ್ತನೇ ತರಗತಿಯ ಚೈತ್ರ ಬಣ್ಣದ ಮನೆಯಲ್ಲಿ ನಟರ ಜೊತೆ ಕೂತು, ಕಾಡಿಗೆಯಲ್ಲಿ ಮೀಸೆ ಬರೆಸಿಕೊಂಡು ಟೀ ಕುಡಿಯುತ್ತಿದ್ದಳು. ನನ್ನನ್ನು ನೋಡಿ, "ಇಷ್ಟ್ ಬೇಗ ಬಂದ್ರಾ ಟೀಚರ್?" ಎಂದು ಬೇಸರದಿಂದ ಕೇಳಿದಳು.

ಸುದ್ದಿ ಮೇಲಧಿಕಾರಿಗಳಿಗೆ ಹೋಯಿತು. ಅವರನ್ನು ನಾವೆಲ್ಲ ಸಾಹೇಬರು ಅನ್ನುತ್ತೇವೆ, ನಾನೂ ಹಾಗೇ ಬರೆಯುತ್ತೇನೆ. ಸಾಹೇಬರು ಕಾರಣ ಕೇಳಿ ನೋಟಿಸು ಕೊಟ್ಟರು, ನಾಟಕದ ಪ್ರವಾಸ ನಿಲ್ಲಿಸಿದರು. ಅದಾಗಿ ಕೆಲವು ತಿಂಗಳಿಗೆ ಒಂದು ಟ್ರಸ್ಟಿನವರಿಂದ ಪತ್ರ ಬಂತು. ಮಕ್ಕಳಿಗೆ ನಾಟಕ ತೋರಿಸುವ ಅನುಭವವಿರುವ ಇಬ್ಬರು ಶಿಕ್ಷಕರನ್ನು ಎರಡು ವಾರ ಇಂಗ್ಲೆಂಡಿಗೆ ಕಳಿಸುತ್ತೇವೆ, ಹೆಸರು ಕೊಡಿ ಎಂದು. ಕಚೇರಿಯಲ್ಲೆಲ್ಲ ಹುಡುಕಿದರೂ ನಾಟಕ ಎಂಬ ಪದ ಇದ್ದದ್ದು ಒಂದೇ ಕಡತದಲ್ಲಿ, ನನಗೆ ಕೊಟ್ಟ ನೋಟಿಸಿನ ಕಡತದಲ್ಲಿ. ಹೀಗೆ ನಾನು ಆಯ್ಕೆಯಾದೆ. ಇನ್ನೊಬ್ಬರು ತೀರ್ಥಹಳ್ಳಿ ತಾಲ್ಲೂಕು ಮಂಡಗದ್ದೆ ಕಡೆಯ ಪಿ.ಟಿ. ಮೇಷ್ಟ್ರು ಗಣಪತಿ. ಅವರ ಅರ್ಹತೆ ಏನೆಂದರೆ, ಅವರ ಹತ್ತಿರ ಮೊದಲೇ ಪಾಸ್‌ಪೋರ್ಟ್ ಇತ್ತು.

ಹೊರಡುವ ಮೊದಲು ಸಾಹೇಬರು ಕರೆದು ಹೇಳಿದರು. "ನೋಡಿ ಮೇಡಂ, ಅಲ್ಲಿ ಮಕ್ಕಳನ್ನ ಹೇಗೆ ಕರ್ಕೊಂಡು ಹೋಗ್ತಾರೆ, ಹೇಗೆ ವಾಪಸ್ ತರ್ತಾರೆ ಅಂತ ಕಲಿತು ಬನ್ನಿ. ವರದಿ ಸರಿ ಇದ್ರೆ ನಿಮ್ಮ ಸಾಗರದ ಟ್ರಿಪ್ಪು ಮತ್ತೆ ಶುರು. ಇಲ್ಲಾಂದ್ರೆ ಅದನ್ನ ಮರೆತುಬಿಡಿ."

ಮರೆಯುವುದು ಅವರಿಗೆ ಸುಲಭ. ನಮ್ಮ ಮಕ್ಕಳಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಆ ಒಂದೇ ನಾಟಕ. ಅದನ್ನು ಉಳಿಸಿಕೊಳ್ಳಲೇಬೇಕು ಎಂದುಕೊಂಡು ವಿಮಾನ ಹತ್ತಿದೆ.

ಮೊದಲ ದಿನ: ಸಾರಿ ಹೇಳುವ ಊರು

ಊರು ಇಂಗ್ಲೆಂಡಿನ ಉತ್ತರಕ್ಕಿದೆ. ಕೆಂಪು ಇಟ್ಟಿಗೆಯ ಮನೆಗಳು, ಒಂದು ಹೊಳೆ, ಹೊಳೆಗಿಂತ ಜಾಸ್ತಿ ಬಾತುಕೋಳಿಗಳು. ನಾವು ಇಳಿದ ದಿನ ಮಳೆ ಬರುತ್ತಿತ್ತು. ಅಲ್ಲಿಯವರು ಅದನ್ನು ಮಳೆ ಎನ್ನುತ್ತಿದ್ದರು. ಆಗುಂಬೆ ಇರುವ ತಾಲ್ಲೂಕಿನವರೇ ಆದ ಗಣಪತಿ ಮೇಷ್ಟ್ರು ಅಂಗೈ ಚಾಚಿ ನೋಡಿ, "ಇದಕ್ಕೆ ಇವರು ಕೊಡೆ ಬೇರೆ ಬಿಚ್ತಾರಾ?" ಎಂದು ಕೇಳಿದರು. ಮರುದಿನ ನೆಗಡಿ ಹಿಡಿದದ್ದು ಅವರಿಗೇ.

ಅಲ್ಲಿಯ ಜನ ಉಸಿರಾಡಿದಷ್ಟು ಸಲೀಸಾಗಿ ಸಾರಿ ಹೇಳುತ್ತಾರೆ. ಅಂಗಡಿಯ ಬಾಗಿಲಲ್ಲಿ ಮೇಷ್ಟ್ರು ಒಬ್ಬ ಮುದುಕರ ಕಾಲು ತುಳಿದರು. ಮುದುಕರೇ ಸಾರಿ ಹೇಳಿ ಹೋದರು.

"ಎಂತದು ಮಾರಾಯ್ರೆ ಇದು? ತುಳಿದದ್ದು ನಾನು. ಅವರಿಗೆ ಎಂತಕ್ಕೆ ಸಾರಿ?"

"ನಿಮ್ಮ ಕಾಲಿನ ಕೆಳಗೆ ಕಾಲಿಟ್ಟಿದ್ದಕ್ಕೆ ಇರಬೇಕು."

"ನಮ್ಮಲ್ಲಾದ್ರೆ ಇಷ್ಟೊತ್ತಿಗೆ ನನ್ನ ಅಜ್ಜನವರೆಗೆ ಬಯ್ದು ಮುಗಿಸ್ತಿದ್ರು" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ಮೂರನೆಯ ದಿನದ ಹೊತ್ತಿಗೆ ಅವರೂ ದೀಪದ ಕಂಬಕ್ಕೆ ತಾಗಿ ಸಾರಿ ಹೇಳುವ ಮಟ್ಟಕ್ಕೆ ಬಂದಿದ್ದರು.

ಮೂರನೆಯ ದಿನ: ಶಾಲೆ

ನಮ್ಮನ್ನು ನೋಡಿಕೊಳ್ಳಲು ಒಪ್ಪಿಕೊಂಡವರು ಹೆಲೆನ್ ಎಂಬ ಟೀಚರು. ಐವತ್ತರ ಆಸುಪಾಸು, ನನ್ನದೇ ವಯಸ್ಸು. ತುಂಬ ಒಳ್ಳೆಯ ಹೆಂಗಸು. ನಾವು ಏನು ಹೇಳಿದರೂ ತಲೆ ಓರೆ ಮಾಡಿಕೊಂಡು "ಇಂಟರೆಸ್ಟಿಂಗ್" ಎನ್ನುತ್ತಿದ್ದರು. ಎರಡು ದಿನ ಅದನ್ನು ಮೆಚ್ಚುಗೆ ಎಂದೇ ನಂಬಿದ್ದೆ.

ಮರುದಿನ ಅವರ ತರಗತಿಯ ಇಪ್ಪತ್ತೆಂಟು ಮಕ್ಕಳು, ಹತ್ತು ವರ್ಷದವರು, ನಾಟಕಕ್ಕೆ ಹೋಗುವವರಿದ್ದರು. ನಾನು ಕಲಿಯಲು ಬಂದದ್ದೇ ಅದನ್ನು. ಹೆಲೆನ್ ಒಂದು ಫೈಲು ತಂದು ಮುಂದಿಟ್ಟರು. ನಮ್ಮಲ್ಲಿ ಮದುವೆಗೂ ಅಷ್ಟು ದಪ್ಪದ ಫೈಲು ಆಗುವುದಿಲ್ಲ, ವಿಚ್ಛೇದನಕ್ಕೆ ಆಗಬಹುದು. ಯಾವ ಮಗುವಿಗೆ ಕಡಲೆಬೀಜ ಆಗುವುದಿಲ್ಲ, ಯಾವ ಮಗುವಿಗೆ ಕತ್ತಲೆ ಆಗುವುದಿಲ್ಲ, ಯಾವ ಇಬ್ಬರನ್ನು ಪಕ್ಕಪಕ್ಕ ಕೂರಿಸಬಾರದು, ಎಲ್ಲ ಇತ್ತು. ಆಮೇಲೆ ಅಪಾಯಗಳ ಪಟ್ಟಿ. ರಸ್ತೆ ದಾಟುವುದು, ಅಪಾಯ ಮಧ್ಯಮ. ಮೆಟ್ಟಿಲು, ಅಪಾಯ ಮಧ್ಯಮ. ಐಸ್‌ಕ್ರೀಮಿನ ಚಮಚ, ಅಪಾಯ ಕಡಿಮೆ.

"ನಾಟಕದಿಂದ ಎಷ್ಟು ಅಪಾಯ ಅಂತ ಹಾಕಿದ್ದಾರೆ ನೋಡಿ ಮೇಡಂ" ಎಂದರು ಗಣಪತಿ ಮೇಷ್ಟ್ರು. ಅದೊಂದು ಮಾತ್ರ ಇರಲಿಲ್ಲ. ನಮ್ಮ ಸಾಹೇಬರಾಗಿದ್ದರೆ ಮೊದಲು ಅದನ್ನೇ ಹಾಕುತ್ತಿದ್ದರು.

ಆರು ಮಕ್ಕಳಿಗೆ ಒಬ್ಬರು ದೊಡ್ಡವರು ಎಂಬುದು ಅಲ್ಲಿನ ಲೆಕ್ಕ. ನಮ್ಮಲ್ಲಿ ಅರವತ್ತೊಂದಕ್ಕೆ ನಾನು ಮತ್ತು ಬಸ್ಸಿನ ಕ್ಲೀನರ್. ಸಹಾಯಕ್ಕೆ ಇರಲಿ ಎಂದು, ನನಗೂ ಆರು ಮಕ್ಕಳನ್ನು ಕೊಡಿ ಎಂದೆ. ಹೆಲೆನ್ ಮೂರು ಸಲ ಸಾರಿ ಹೇಳಿ, ನಿಮ್ಮ ಪೊಲೀಸ್ ಪರಿಶೀಲನೆ ಇಲ್ಲಿ ಆಗಿಲ್ಲ, ನಿಮ್ಮ ಕೈಗೆ ಒಂದು ಮಗುವನ್ನೂ ಕೊಡುವಂತಿಲ್ಲ ಎಂದರು. ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನು ಸಾಕಿದವಳು ನಾನು. ಮೈಯೆಲ್ಲ ಉರಿಯಿತು. "ಇಂಟರೆಸ್ಟಿಂಗ್" ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ: ಗೇಟು

ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳೆಲ್ಲ ಹೊಳೆಯುವ ಹಳದಿ ಅಂಗಿ ತೊಟ್ಟು ಇಬ್ಬಿಬ್ಬರಂತೆ ಕೈಹಿಡಿದು ನಿಂತಿದ್ದರು. ಒಬ್ಬಳಿಗೆ ಮಾತ್ರ ಹಳದಿ ಅಂಗಿ ಇರಲಿಲ್ಲ. ಮೇಸಿ ಎಂದು ಹೆಸರು, ಕೆಂಪು ಕೂದಲು, ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಅವಳ ಒಪ್ಪಿಗೆ ಚೀಟಿಗೆ ತಾಯಿಯ ಸಹಿ ಬಂದಿಲ್ಲ, ಆದ್ದರಿಂದ ಅವಳು ಚಿಕ್ಕ ತರಗತಿಯಲ್ಲಿ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಾಳೆ ಎಂದರು ಹೆಲೆನ್.

ಯಾಕಮ್ಮಾ ಎಂದು ಮೇಸಿಯನ್ನು ಕೇಳಿದೆ. "ಅಮ್ಮ ಮರೆತಿದ್ದಾಳೆ. ಅವಳು ಯಾವಾಗಲೂ ಮರೆಯುತ್ತಾಳೆ" ಎಂದು ಹೇಳಿ, ಕಣ್ಣಲ್ಲಿ ನೀರು ತುಂಬಿಕೊಂಡಳು.

ನಾನಾದರೂ ಮಗುವನ್ನು ಬಿಟ್ಟು ಬಂದದ್ದು ತಪ್ಪಿನಿಂದ. ಇವರು ಫೈಲು ನೋಡಿಕೊಂಡು, ಸಾರಿ ಹೇಳಿ, ನಗುನಗುತ್ತಾ ಬಿಟ್ಟು ಹೋಗುತ್ತಿದ್ದಾರೆ! ಇಂಥ ಕಡೆ ಎಣಿಕೆ ಯಾಕೆ ತಪ್ಪುತ್ತದೆ?

ಇಲ್ಲಿ ನಮ್ಮೂರ ಓದುಗರಿಗೆ ನಾನು ಏನನ್ನೂ ವಿವರಿಸಬೇಕಾಗಿಲ್ಲ. ಪ್ರವಾಸದ ಹಿಂದಿನ ದಿನ ಹತ್ತು ಹದಿನೈದು ಮಕ್ಕಳ ಚೀಟಿ ಬಂದಿರುವುದಿಲ್ಲ. ಅಪ್ಪ ಕೆಲಸಕ್ಕೆ ಹೋಗಿರುತ್ತಾನೆ, ಅಮ್ಮ ಸಿಗುವುದಿಲ್ಲ, ಚೀಟಿಯನ್ನು ದನ ತಿಂದಿರುತ್ತದೆ. ಆಗ ಟೀಚರು ಏನು ಮಾಡುತ್ತಾರೆ? ಪೋಷಕರ ಸಹಿ ಎಂದು ಇರುವ ಕಡೆ ತಾವೇ ಗೀಚಿ ಫೈಲಿಗೆ ಸೇರಿಸುತ್ತಾರೆ. ಇದು ಗುಟ್ಟೂ ಅಲ್ಲ, ಸುಳ್ಳು ಎಂದು ನಮಗೆ ಯಾರಿಗೂ ಅನಿಸಿಯೂ ಇಲ್ಲ. ಶಾಲೆಗೆ ಬಂದ ಮೇಲೆ ಮಗು ನಮ್ಮದೇ. ನಾನು ಹಾಗೆ ಎಷ್ಟು ಮಕ್ಕಳಿಗೆ ತಾಯಿಯಾಗಿದ್ದೇನೋ, ತಂದೆಯೂ ಆಗಿದ್ದೇನೋ, ಲೆಕ್ಕವಿಟ್ಟಿಲ್ಲ.

ಸ್ವಾಗತದ ಮೇಜಿನ ಮೇಲೆ ಖಾಲಿ ಚೀಟಿಗಳ ಕಟ್ಟು ಇತ್ತು. ಒಂದು ತೆಗೆದುಕೊಂಡೆ. ಮೇಸಿಯ ಹೆಸರು ಬರೆದೆ. ಕೆಳಗೆ ಇಪ್ಪತ್ತೆರಡು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿಯೇ ಓಡಿತು. ಸಹಿ ಹಾಕಿ ಟ್ರೇಯಲ್ಲಿ ಇಟ್ಟ ಮೇಲೆ ನೋಡಿದರೆ, ಹಾಕಿದ್ದು ಕನ್ನಡದಲ್ಲಿ. ಮೇಜಿನ ಹಿಂದಿದ್ದ ಹುಡುಗಿ ಚೀಟಿ ಎತ್ತಿ ನೋಡಿದಳು. ಅವಳು "ಲವ್ಲಿ" ಎಂದು ಮೇಸಿಗೆ ಒಂದು ಹಳದಿ ಅಂಗಿ ಕೊಟ್ಟಳು. ಅಲ್ಲಿ ತಾಯಂದಿರು ಯಾವ್ಯಾವುದೋ ದೇಶದವರು, ಯಾವ್ಯಾವುದೋ ಲಿಪಿಯವರು. ಶಾರದಾ ಎಂಬ ನನ್ನ ಹೆಸರು ಮೇಸಿಯ ತಾಯಿಯದಾಗಿ ಫೈಲು ಸೇರಿತು. ಚೀಟಿ ಬಂತೆಂದು ಹೆಲೆನ್ ಕೂಡ ಪಟ್ಟಿಯಲ್ಲಿ ಗುರುತು ಹಾಕಿಕೊಂಡರು.

"ಎಂತ ಮಾಡಿದ್ರಿ ಮೇಡಂ?" ಎಂದು ಪಿಸುಗುಟ್ಟಿದರು ಗಣಪತಿ ಮೇಷ್ಟ್ರು.

"ನಮ್ಮೂರಲ್ಲಿ ಮಾಡೋದನ್ನೇ."

"ಸಿಕ್ಕಿಬಿದ್ರೆ?"

"ಕನ್ನಡ ಓದೋಕೆ ಬರೋರು ಇಲ್ಲಿ ನಾವಿಬ್ರೇ ಮೇಷ್ಟ್ರೆ. ನೀವು ಬಾಯಿ ಮುಚ್ಕೊಂಡಿದ್ರೆ ಸಾಕು."

ಅದೇ ದಿನ: ರಂಗಮಂದಿರ

ನಾಟಕ ಒಂದು ಕತ್ತೆಯದ್ದು. ಊರಿನವರು ತಮಾಷೆಗೆಂದು ಕತ್ತೆಯನ್ನು ಮೇಯರ್ ಚುನಾವಣೆಗೆ ನಿಲ್ಲಿಸುತ್ತಾರೆ, ಅದು ಗೆದ್ದುಬಿಡುತ್ತದೆ. ಗಣಪತಿ ಮೇಷ್ಟ್ರು ಅರ್ಧದವರೆಗೂ ಗಂಭೀರವಾಗಿ ನೋಡಿ, "ಇದ್ರಲ್ಲಿ ನಾಟಕ ಎಲ್ಲಿ ಬಂತು ಮಾರಾಯ್ರೆ?" ಎಂದು ಕೇಳಿದರು.

ಆ ದಿನದ ಪ್ರದರ್ಶನ ವಿಶೇಷವಾದದ್ದಂತೆ. ಮಕ್ಕಳು ಎದ್ದು ಓಡಾಡಬಹುದು, ಮಾತಾಡಬಹುದು, ಕೂಗಬಹುದು, ದೀಪವನ್ನೂ ಪೂರ್ತಿ ಆರಿಸುವುದಿಲ್ಲ. ಇಂಥದ್ದಕ್ಕೆ ಅಲ್ಲಿ ಬೇರೆ ಹೆಸರೇ ಇದೆ, ತಿಂಗಳಿಗೆ ಒಂದು ದಿನ ಇಟ್ಟಿರುತ್ತಾರೆ. ಹೆಲೆನ್ ಹೆಮ್ಮೆಯಿಂದ ವಿವರಿಸಿ, ನಿಮ್ಮಲ್ಲಿ ಹೀಗಿದೆಯೇ ಎಂದರು. ನಮ್ಮಲ್ಲಿ ಇರುವುದು ಇದೊಂದೇ, ಸುಮ್ಮನೆ ಕೂತು ನೋಡುವ ನಾಟಕಕ್ಕೆ ಬೇರೆ ಹೆಸರು ಹುಡುಕಬೇಕು ಎಂದೆ. "ಇಂಟರೆಸ್ಟಿಂಗ್" ಎಂದರು.

ಆದರೆ ಓಡಾಡಲು ಅನುಮತಿ ಇದ್ದರೂ ಆ ಮಕ್ಕಳು ಅಲುಗಾಡಲಿಲ್ಲ. ಅನುಮತಿ ಕೊಟ್ಟ ಮೇಲೆ ಓಡಾಡುವುದರಲ್ಲಿ ಏನು ಸುಖವಿದೆ? ಮೇಸಿ ಒಬ್ಬಳು ಮಾತ್ರ ಸೀಟಿನ ಮೇಲೆ ನಿಂತು, ಕತ್ತೆ ಪ್ರಮಾಣ ವಚನ ತೆಗೆದುಕೊಳ್ಳುವಾಗ ಬಾಯಿ ತುಂಬ ನಕ್ಕಳು. ಒಂದು ಕಡೆಯ ದವಡೆ ಸ್ವಲ್ಪ ಊದಿದಂತಿತ್ತು. ನಾನು ಅದನ್ನು ನೋಡಿದೆ, ಚಾಕಲೇಟು ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ಆ ಹೊತ್ತಿಗೆ ನನಗೆ ಇಡೀ ಇಂಗ್ಲೆಂಡನ್ನು ಗೆದ್ದಷ್ಟು ಸಂತೋಷವಾಗಿತ್ತು.

ಅದೇ ದಿನ, ಎರಡು ಗಂಟೆ: ಮೇಸಿಯ ತಾಯಿ

ಶಾಲೆಗೆ ಮರಳಿದಾಗ ಸ್ವಾಗತದ ಮೇಜಿನ ಮುಂದೆ ಒದ್ದೆ ಕೋಟಿನ ಹೆಂಗಸೊಬ್ಬಳು ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು. ಮೇಸಿ ಅವಳನ್ನು ಕಂಡದ್ದೇ ಗಣಪತಿ ಮೇಷ್ಟ್ರ ಹಿಂದೆ ಅಡಗಿದಳು.

ತಾಯಿ ಮರೆತಿರಲಿಲ್ಲ. ಮೇಸಿಗೆ ದವಡೆ ಹಲ್ಲಿನ ನೋವು, ರಾತ್ರಿಯಿಡೀ ಅಳುತ್ತಿದ್ದಳಂತೆ. ಅಲ್ಲಿ ಹಲ್ಲಿನ ಡಾಕ್ಟರು ಸಿಗುವುದೆಂದರೆ ನಮ್ಮಲ್ಲಿ ಜಮೀನು ಅಳೆಸಿ ಪೋಡಿ ಮಾಡಿಸಿಕೊಂಡಷ್ಟೇ ಕಷ್ಟ. ಎಂಟು ತಿಂಗಳು ಕಾದು ಸಿಕ್ಕ ದಿನ ಅದು, ಮಧ್ಯಾಹ್ನ ಒಂದು ಗಂಟೆ. ಅದಕ್ಕೇ ತಾಯಿ ಬೇಕೆಂದೇ ಸಹಿ ಹಾಕಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವ ಹೆದರಿಕೆಗೆ ಮೇಸಿ ನನಗೊಂದು ಕಥೆ ಹೇಳಿ ಎರಡು ತೊಟ್ಟು ಕಣ್ಣೀರು ಹಾಕಿದ್ದಳು. ನಮ್ಮ ಮಕ್ಕಳಿಗಿಂತ ಏನೂ ಕಡಿಮೆಯಿಲ್ಲ. ತಾಯಿ ಹನ್ನೆರಡೂವರೆಗೆ ಬಂದು ಮಗಳನ್ನು ಕೇಳಿದರೆ, ಶಾಲೆಯವರು, ನೀವೇ ಸಹಿ ಹಾಕಿ ಕಳಿಸಿದ್ದೀರಲ್ಲ ಎಂದರಂತೆ. ಚೀಟಿ ತೋರಿಸಿದರಂತೆ. ಗುರುತಿಲ್ಲದ ಲಿಪಿಯಲ್ಲಿ ಯಾರದೋ ಸಹಿ. ಮಗಳನ್ನು ಯಾರು ಕರೆದುಕೊಂಡು ಹೋದರು ಎಂದು ಆ ಹೆಂಗಸು ನಡುಗಿದ್ದು ನಾನು ಐಸ್‌ಕ್ರೀಮು ತಿನ್ನುತ್ತಿದ್ದ ಹೊತ್ತಿನಲ್ಲಿ. ನಾಟಕದ ವೇಳೆ ಹೆಲೆನ್ ಫೋನು ಆರಿಸಿಟ್ಟಿದ್ದರು. ರಂಗಮಂದಿರದವರು ಹಳದಿ ಅಂಗಿಯ ಮಕ್ಕಳನ್ನು ಎಣಿಸಿ ಎಲ್ಲರೂ ಇದ್ದಾರೆ ಎಂದು ತಿಳಿಸುವವರೆಗೆ ಅವಳಿಗೆ ಜೀವ ಇರಲಿಲ್ಲ.

"ಇದನ್ನು ಬರೆದದ್ದು ಯಾರು?" ಎಂದು ಕೇಳಿದಳು.

ನಾನು ಎಂದೆ. ಗಣಪತಿ ಮೇಷ್ಟ್ರು ಪಾಪ, ಜೊತೆಗೆ ನಿಲ್ಲಬೇಕೆಂದು ಎರಡು ಹೆಜ್ಜೆ ಮುಂದೆ ಬಂದು ಸಾರಿ ಹೇಳಿದರು.

"ನೋವು ಅವಳದು, ರಾತ್ರಿ ಎದ್ದು ಕೂರುವವಳು ನಾನು. ನೀವು ಯಾರು?" ಎಂದಳು ಆ ತಾಯಿ. ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನಮ್ಮೂರಲ್ಲಿ ಟೀಚರೆಂದರೆ ತಾಯಿಯ ಹಾಗೆ ಎಂದು ಹೇಳಲು ಬಾಯಿಗೆ ಬಂದಿತ್ತು. ಅವಳ ಕೈಯಲ್ಲಿದ್ದ ನನ್ನ ಸಹಿ ನೋಡಿ ನುಂಗಿಕೊಂಡೆ. ನನಗೆ ನಾಚಿಕೆಯಾಯಿತು.

ಹೆಲೆನ್ ಸಂಜೆಯವರೆಗೆ ಕೂತು ಘಟನೆಯ ವರದಿ ಎಂದು ಆರು ಪುಟ ಬರೆದರು. ಟ್ರಸ್ಟಿಗೂ ನಮ್ಮ ಸಾಹೇಬರಿಗೂ ಕಳಿಸಬೇಕಾಗುತ್ತದೆ, ಸಾರಿ ಎಂದರು. ಮಾಮೂಲಿಯಾಗಿ ಹೇಳಿದ ಸಾರಿಯಲ್ಲ ಅದು. ಉಳಿದ ಹತ್ತು ದಿನ ನಾನು ಸೇತುವೆ ನೋಡಿದೆ, ಕೋಟೆ ನೋಡಿದೆ, ಬಾತುಕೋಳಿಗಳಿಗೆ ಬ್ರೆಡ್ಡು ಹಾಕಿದೆ. ಸಾಗರದ ಪ್ರವಾಸವನ್ನು ನನ್ನ ಕೈಯಾರೆ ಮುಗಿಸಿದೆ ಎಂಬುದು ಬಿಟ್ಟು ಬೇರೇನೂ ತಲೆಗೆ ಹೋಗಲಿಲ್ಲ. ಆದ್ದರಿಂದ ಕೋಟೆಯ ಬಗ್ಗೆ ಬರೆಯುವುದಿಲ್ಲ.

ಮರಳಿ: ಹೊಸನಗರ

ಹೊಸನಗರದ ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲೆ ಹೆಲೆನ್‌ರ ಆರು ಪುಟಗಳು ನನಗಿಂತ ಮೊದಲೇ ಬಂದು ಕೂತಿದ್ದವು.

"ಅಲ್ಲಿಗೂ ಹೋಗಿ ಸಹಿ ಹಾಕಿ ಬಂದ್ರಾ ಮೇಡಂ?"

"ಹೌದು ಸರ್."

"ಅಲ್ಲಿ ಒಂದು ಹಾಕಿದ್ದಕ್ಕೆ ಇಷ್ಟು ಪುಟ. ಇಲ್ಲಿ ಎಷ್ಟು ಹಾಕಿದ್ದೀರಿ?"

ಲೆಕ್ಕವಿಟ್ಟಿಲ್ಲ ಎಂದೆ. ಅವರು ನನ್ನನ್ನು ಓಡಿಸುವವರೇ. ಆದರೆ ಟ್ರಸ್ಟಿನವರಿಗೆ ಫೋಟೋ ಬೇಕಿತ್ತು. ಹೋಗಿ ಬಂದ ಶಿಕ್ಷಕರು ತಮ್ಮ ಮಕ್ಕಳಿಗೆ ನಾಟಕ ತೋರಿಸುತ್ತಿರುವ ಫೋಟೋ, ಹಿಂದೆ ಬ್ಯಾನರು, ಮುಂದೆ ಸಾಹೇಬರು. ಹೀಗೆ ನಮ್ಮ ಮಕ್ಕಳ ನಾಟಕ ಉಳಿದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಬ್ಯಾನರಿನಿಂದ. "ಒಂದೇ ಒಂದು ಅವಕಾಶ" ಎಂದರು. "ಒಬ್ಬೊಬ್ಬರ ಮನೆಗೂ ನೀವೇ ಹೋಗಬೇಕು. ಒಂದು ಸಹಿ ಸುಳ್ಳಾದ್ರೂ ಮುಂದೆ ನಾಟಕವೂ ಇಲ್ಲ, ನೀವೂ ಇಲ್ಲ."

ಈ ವರ್ಷ ಹೊರಟವರು ಐವತ್ತೆರಡು ಮಕ್ಕಳು, ಐವತ್ತೆರಡು ಮನೆ. ಸಂಜೆ ಶಾಲೆ ಬಿಟ್ಟ ಮೇಲೆ ಸ್ಕೂಟಿಯಲ್ಲಿ ಹತ್ತು ದಿನ ಅಲೆದೆ. ಹೆಚ್ಚಿನವರು, "ಅಯ್ಯೋ ನೀವೇ ಹಾಕ್ಕೊಳಿ ಟೀಚರ್ರೆ, ಇದಕ್ಕೆಲ್ಲ ಬರ್ಬೇಕಿತ್ತಾ?" ಎಂದು ನಕ್ಕು, ಕಾಫಿ ಕೊಟ್ಟು, ಓದದೇ ಸಹಿ ಮಾಡಿದರು. ಇಂಗ್ಲೆಂಡಿಗೆ ಕೇಳಿಸುವ ಹಾಗೆ ಇದನ್ನು ಕೂಗಿ ಹೇಳಬೇಕೆನಿಸಿತು.

ಕೊನೆಯ ಮನೆ ರಕ್ಷಿತಾಳದು. ಹತ್ತನೇ ತರಗತಿ, ಮಾತು ಕಡಿಮೆ. ಎಂಟರಲ್ಲೂ ಒಂಬತ್ತರಲ್ಲೂ ಅವಳ ಚೀಟಿಗೆ ನಾನೇ ಸಹಿ ಹಾಕಿದ್ದೆ. ಅವಳಮ್ಮ ನಾಗರತ್ನ ಶಾಲೆಯ ಕಡೆ ಬಂದವರೇ ಅಲ್ಲ. ಅವರಿಗೆ ಓದು ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಹೋದಾಗ ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತು, ಒಂದು ನೋಟ್‌ಬುಕ್ಕಿನಲ್ಲಿ ರವಿಕೆಯ ಅಳತೆ ಬರೆದುಕೊಳ್ಳುತ್ತಿದ್ದರು. ಅಕ್ಷರ ದುಂಡಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು.

ಚೀಟಿ ತೆಗೆದುಕೊಂಡು ಮೊದಲಿನಿಂದ ಓದತೊಡಗಿದರು. ನಾನು ಜಗಲಿಯಲ್ಲಿ ನಿಂತೆ.

"ಟೀಚರ್ರೆ, ಎರಡು ವರ್ಷ ಇವ್ಳು ಸಾಗರಕ್ಕೆ ಹೋಗಿದ್ದು ನಂಗೆ ಗೊತ್ತಾಗಿದ್ದು ವಾಪಸ್ ಬಂದ್ಮೇಲೆ. ಆಗ ಸಹಿ ಯಾರು ಹಾಕಿದ್ರು?"

"ನಾನೇ ಹಾಕಿದ್ದೆ."

"ಹೂಂ." ಮತ್ತೆ ಓದಿದರು. "ಇಲ್ಲಿ ಮಗುವಿನ ಆರೋಗ್ಯದ ಬಗ್ಗೆ ಹೇಳೋದಿದ್ರೆ ಬರೀರಿ ಅಂತ ಅದೆ. ಇವ್ಳಿಗೆ ಬಸ್ಸಲ್ಲಿ ಹಿಂದೆ ಕೂತ್ರೆ ವಾಂತಿ ಬರ್ತದೆ. ಮುಂದೆ ಕೂರಿಸ್ಬೇಕು. ಬರೀಲಾ?"

ಎರಡು ವರ್ಷವೂ ರಕ್ಷಿತಾ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡಿದ್ದಳು. ಸಿಕ್ಕಿದ್ದೆಲ್ಲ ತಿಂದು ಬಂದರೆ ಇನ್ನೇನಾಗುತ್ತದೆ ಎಂದು ಎಲ್ಲ ಮಕ್ಕಳ ಎದುರು ಬಯ್ದಿದ್ದೆ. ಅವಳು ಈಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಬರೀರಿ" ಎಂದೆ.

ಬರೆದರು. ಪೆನ್ನು ಹಿಡಿದುಕೊಂಡೇ ತಲೆಯೆತ್ತಿ, "ನಾಟ್ಕ ಯಾವುದು ಟೀಚರ್ರೆ? ಎಂತ ಕಥೆ?" ಎಂದು ಕೇಳಿದರು.

ಇಪ್ಪತ್ತೆರಡು ವರ್ಷದಲ್ಲಿ ಯಾವ ತಂದೆ ತಾಯಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳುವುದಕ್ಕೆ ನಾನು ಬಿಟ್ಟಿದ್ದೆನೇ? ಜಗಲಿಯ ಮೇಲೆ ಕೂತು ಕಥೆ ಹೇಳಿದೆ. ಅವರು ಮಿಷನ್ನಿನಿಂದ ಕಾಲು ತೆಗೆದು ಪೂರ್ತಿ ಕೇಳಿದರು. ಆಮೇಲೆ ಸಹಿ ಮಾಡಿದರು. ಚೀಟಿಯನ್ನು ನನಗೆ ಕೊಡಲಿಲ್ಲ.

"ನಾನೂ ಬರ್ತೀನಿ" ಎಂದರು. "ನಂಗೂ ಒಂದು ಚೀಟಿ ಕೊಡಿ. ನಾನು ನಾಟ್ಕ ನೋಡೇ ಇಲ್ಲ."

ಬಸ್ಸಿನಲ್ಲಿ ಒಂದು ಸೀಟೂ ಹೆಚ್ಚಿಗೆ ಇರಲಿಲ್ಲ. ಡ್ರೈವರಿನ ಹಿಂದೆ ಟೀಚರಿಗೆಂದು ಬಿಡುತ್ತಿದ್ದ ಸೀಟಿನಲ್ಲಿ ಅಮ್ಮನನ್ನು, ಅವರ ಪಕ್ಕದ ಕಿಟಕಿಗೆ ಮಗಳನ್ನು ಕೂರಿಸಿ, ಸಾಗರದವರೆಗೂ ನಾನು ಕಂಬಿ ಹಿಡಿದು ನಿಂತುಕೊಂಡೇ ಹೋದೆ. ರಕ್ಷಿತಾ ವಾಂತಿ ಮಾಡಿಕೊಳ್ಳಲಿಲ್ಲ.